ಬಿಚ್ಚದ ಹೊಲಿಗೆ

“ನನ್ನ ಹೊಲಿಗೆ ಬಿಚ್ಚು ಅಂತ ನಿನಗೆ ಹೇಳಿದ್ಯಾರು?” ದರ್ಜಿ ಕೋಟನ್ನು ಹೆಂಡತಿಯ ಮುಂದೆ ಕುಕ್ಕಿದ.

ಅವಳು ಸಿಕ್ಕಿಬಿದ್ದಿದ್ದಳು. ಮಧ್ಯಾಹ್ನ ಗಂಡ ಮಲಗಿದ ಮೇಲೆ ಅವನ ಸೊಟ್ಟ ಹೊಲಿಗೆ ಬಿಚ್ಚಿ ತಾನು ನೆಟ್ಟಗೆ ಹೊಲಿದಿಡುತ್ತಿದ್ದುದನ್ನು ಬಾಯಿಬಡಕಿ ನಾದಿನಿ ಬೆಳಗ್ಗೆ ಅಣ್ಣನಿಗೆ ಊದಿಬಿಟ್ಟಿದ್ದಳು.

ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗತೊಡಗಿದಾಗಲೇ ದರ್ಜಿ ಅರ್ಧ ಸತ್ತಿದ್ದ. ದೊಡ್ಡಾಸ್ಪತ್ರೆಯವರು ಒಂದು ಹೊಸ ಪ್ರಯೋಗಕ್ಕೆ ಅವನನ್ನು ಆರಿಸಿದರು. ಯಾವ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಿಂದ ಹೊಸ ನರಕೋಶ ಬೆಳೆಸಿ ಮಿದುಳಿಗೆ ನೆಡುವ ಕೆಲಸ. ಮೊದಲ ಸಲ ಬೆಳೆಸಿದ್ದೆಲ್ಲ ಕೆಟ್ಟುಹೋಗಿ, ತಲೆ ಬೋಳಿಸಿಕೊಂಡು ಮಲಗಿದ್ದವನನ್ನು ಹಾಗೇ ಎಬ್ಬಿಸಿ ಕಳಿಸಿದರು. ಎರಡನೆಯ ಸಲ ನೆಟ್ಟರು. ಜೊತೆಗೆ ನೆಡಿಸಿಕೊಂಡ ಗಡಿಯಾರ ರಿಪೇರಿಯವನಿಗೆ ಏನೂ ಗುಣ ಕಾಣಲಿಲ್ಲ. ನೆಟ್ಟ ಕೋಶ ಹತ್ತಿಕೊಳ್ಳಲು ವರ್ಷ ಹಿಡಿಯಬಹುದು, ಹತ್ತದೆಯೂ ಹೋಗಬಹುದು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ದರ್ಜಿ ಮಾತ್ರ ನೆಟ್ಟಗಿನ ಹೊಲಿಗೆ ಕಂಡು, ಬಟ್ಟೆಯ ಒಳಮೈ ತಿರುವಿಯೂ ನೋಡದೆ, ಗುಣವಾಯಿತೆಂದು ಡಾಕ್ಟರಮ್ಮನಿಂದ ಹಿಡಿದು ಬೀದಿಗೆಲ್ಲ ಸಾರಿದ್ದ.

“ಗುಣ ಆಗಿದ್ದು ನಿನ್ನ ಸೂಜಿಗೆ, ನನ್ನ ಕೈಗಲ್ಲ,” ಎಂದ.

ಅವಳಿಗೂ ಪಿತ್ತ ನೆತ್ತಿಗೇರಿತು. “ಮಾಡಿದ್ದು ತಪ್ಪು. ಡಾಕ್ಟರಮ್ಮನ ಮುಂದೆ ನಾನೇ ಒಪ್ಕೋತೀನಿ. ಆದ್ರೆ ಮಳೆಗಾಲದಿಂದ ಈಚೆಗೆ ಸೂಜಿ ಮುಟ್ಟಿಲ್ಲ. ದಿನಾ ಹುಡುಕ್ತೀನಿ, ಸೊಟ್ಟ ಒಂದೂ ಸಿಗಲ್ಲ.”

“ಸುಳ್ಳು.”

“ಗಂಟು ನೋಡ್ರೀ.”

ಅವಳು ಎಡಗೈಯವಳು. ಅವಳು ಹಾಕಿದ ಗಂಟು ಎಡಕ್ಕೆ ತಿರುಚಿಕೊಳ್ಳುತ್ತದೆಂದು ಮದುವೆಯಾದಾಗಿನಿಂದ ಆಡಿಕೊಂಡವನೇ ಅವನು. ಕನ್ನಡಕ ಏರಿಸಿ ಕಾಲರಿನ ಒಳಮೈ ತಿರುವಿದ. ಗಂಟು ಬಲಕ್ಕಿತ್ತು. ತೋಳು ತಿರುವಿದ, ಅಲ್ಲೂ ಬಲಕ್ಕೆ. ನೇತುಹಾಕಿದ್ದ ಬಟ್ಟೆಗಳನ್ನೆಲ್ಲ ಎಳೆದೆಳೆದು ನೋಡಿದ. ಎಲ್ಲ ಅವನವೇ.

ನಗು ಉಕ್ಕಿ ಬಂದರೂ ಸಿಟ್ಟು ಬಿಟ್ಟುಕೊಡಲು ಮನಸ್ಸಾಗಲಿಲ್ಲ. “ಹೇಳೋಕೆ ನಿನಗೇನು ಧಾಡಿ?”

“ಗುಣ ಆಯ್ತು ಅಂತ ನೀವು ಆವಾಗ್ಲೇ ಬೀದಿಗೆಲ್ಲ ಸಾರಿ ಆಗಿತ್ತಲ್ಲ. ಇನ್ನೇನಂತ ಹೇಳ್ಲಿ?”

ಅವನು ಕೋಟನ್ನು ಹೆಗಲಿಗೆಸೆದು ಬಾಗಿಲಿಗೆ ನಡೆದ. ಕಾಯಿಲೆ ಬಂದಾಗಿನಿಂದ ಹೊಸ್ತಿಲ ಬಳಿ ಅವನ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ನೋಡಿಕೊಂಡು ದಾಟಲೆಂದು ಅಲ್ಲಿ ಅವಳು ಕೆಂಪು ಪಟ್ಟಿ ಅಂಟಿಸಿದ್ದಳು. ಅದರ ಕಡೆ ಕಣ್ಣೂ ಹಾಯಿಸದೆ ದಾಟಿಬಿಟ್ಟ.

“ಊಟ?”

“ತಂಗಿ ಮನೇಲಿ. ಮೊದ್ಲು ಅವಳ ಬಾಯಿಗೆ ಒಂದು ಹೊಲಿಗೆ ಹಾಕ್ತೀನಿ. ನೆಟ್ಟಗೆ.”

ಮಧ್ಯಾಹ್ನ ಕಳೆದರೂ ಅವನು ಬರಲಿಲ್ಲ. ಅವಳೂ ಕಾಯಲಿಲ್ಲ. ಇಬ್ಬರ ಪಾಲನ್ನೂ ಒಬ್ಬಳೇ ಉಂಡು, ಅವನ ಮಂಚದ ಮೇಲೆ ಕಾಲು ಚಾಚಿ ಗೊರಕೆ ಹೊಡೆದಳು.