ಮೂರನೆಯ ಸಿಲಿಂಡರಿನ ಸದ್ದು

ಸತ್ಯಮೂರ್ತಿಗೆ ಜಂಬವೆಂಬುದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಒಂದೇ ಒಂದು, ಅದನ್ನೂ ಅವನು ಬಾಯಿಬಿಟ್ಟು ಆಡಿದವನಲ್ಲ. ಹೆಂಡತಿ ಪುಟ್ಟಲಕ್ಷ್ಮಿ ಮರೆವಿನ ಕಾಯಿಲೆಗೆ ಬಿದ್ದು ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಮರೆಯುತ್ತ ಬಂದಿದ್ದಳು. ನಾಗಪುರದಿಂದ ಮಗಳು ಸುಮಿತ್ರಾ ಬಂದಾಗ, "ಕೂತ್ಕೊಳಮ್ಮ, ಯಾರ ಮನೆ ಕಡೆಯೋಳು ನೀನು?" ಎಂದು ಕೇಳಿ ಆ ಹುಡುಗಿಯನ್ನು ಬಚ್ಚಲುಮನೆಯಲ್ಲಿ ಕೂತು ಅಳುವ ಹಾಗೆ ಮಾಡಿದ್ದಳು. ಆದರೆ ಗಂಡನನ್ನು ಮಾತ್ರ ಮರೆತಿರಲಿಲ್ಲ. ಸಂಜೆ ಅವನು ಮನೆ ಸೇರುವ ಹೊತ್ತಿಗೆ ಕೂದಲು ತೀಡಿಕೊಂಡು, ಸೆರಗು ಸರಿಮಾಡಿಕೊಂಡು, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಬಂದ್ರಾ" ಎನ್ನುತ್ತಿದ್ದಳು. ಎಲ್ಲರನ್ನೂ ಮರೆತ ಹೆಂಗಸು ನನ್ನನ್ನು ಮರೆಯಲಿಲ್ಲವಲ್ಲ ಎಂಬುದು ಸತ್ಯಮೂರ್ತಿಯ ಜಂಬ. ರಿಟೈರಾಗುವ ವಯಸ್ಸು ಹತ್ತಿರವಾದ ಗಂಡಸಿಗೆ ಅಷ್ಟು ಸಾಕಾಗಿತ್ತು.

ಬೆಳಗಿನ ಹೊತ್ತು ಅವಳು ತನ್ನನ್ನು ಅಷ್ಟಾಗಿ ನೋಡುವುದಿಲ್ಲ, ಮಾತಿಗೆ ಸರಿಯಾಗಿ ಜವಾಬು ಕೊಡುವುದಿಲ್ಲ ಎಂಬುದು ಅವನ ಗಮನಕ್ಕೆ ಬಂದಿತ್ತು. ಅದಕ್ಕೂ ಅವನು ಒಂದು ಕಾರಣ ಹುಡುಕಿ ಇಟ್ಟುಕೊಂಡಿದ್ದ. ನಿದ್ದೆ ಮಾತ್ರೆಯ ಮಂಪರು.

ಮನೆ ಕಾಂದಿವಲಿಯ ಹೌಸಿಂಗ್ ಸೊಸೈಟಿಯೊಂದರ ನೆಲಮಹಡಿಯಲ್ಲಿ. ಕೆಲಸ ಹಳಿಯ ಆಚೆಗಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಒಂದು ಕಾರ್ಖಾನೆಯ ಮಷೀನ್ ಶಾಪಿಗೆ ಅವನೇ ಮುಖ್ಯಸ್ಥ. ಓಡಾಟಕ್ಕೆ ಎಂಬತ್ನಾಲ್ಕರಲ್ಲಿ ಕೊಂಡ ಬಿಳಿ ಮಾರುತಿ ಎಂಟುನೂರು. ಆ ಕಾರು ಬಂದ ದಿನ ಇಡೀ ಬಿಲ್ಡಿಂಗು ಕೆಳಗಿಳಿದು ನೋಡಿತ್ತು, ಪುಟ್ಟಲಕ್ಷ್ಮಿ ಎಲ್ಲರಿಗೂ ಪೇಡ ಹಂಚಿದ್ದಳು. ಈಗ ಊರ ತುಂಬ ಅಂಥವೇ. ಅದರ ಮೂರು ಸಿಲಿಂಡರುಗಳಲ್ಲಿ ಮೂರನೆಯದಕ್ಕೆ ಒಂದು ಚಾಳಿಯಿತ್ತು. ಒಳಗೆ ವಾಲ್ವನ್ನು ಒತ್ತುವ ರಾಕರ್ ಎಂಬ ಸಣ್ಣ ಕಬ್ಬಿಣದ ತೋಳು ಸವೆದು, ಎಷ್ಟು ಸರಿಮಾಡಿದರೂ ನಾಲ್ಕು ದಿನಕ್ಕೆ ಮತ್ತೆ ಟಿಕ್‌ಟಿಕ್ ಎನ್ನುತ್ತಿತ್ತು. ಎಸ್ಟೇಟಿನ ಗೆಳೆಯರು "ಮೂರ್ತಿ ಸಾಬ್ ಕಾ ಸಿಲಾಯಿ ಮಷೀನ್ ಆಯಾ" ಎಂದು, ಹೊಲಿಗೆ ಮಷೀನು ಬಂತೆಂದು, ನಗುತ್ತಿದ್ದರು. ಮಷೀನ್ ಶಾಪಿನವನ ಗಾಡಿಯೇ ಹೀಗೆ ಸದ್ದು ಮಾಡಿದರೆ ಮರ್ಯಾದೆಯ ಪ್ರಶ್ನೆ. ಆದರೂ ಆಮೇಲೆ ನೋಡೋಣ ಎಂದು ವರ್ಷಗಳೇ ಕಳೆದಿದ್ದವು.

ಪುಟ್ಟಲಕ್ಷ್ಮಿಗೆ ಇನ್ನೂ ಉಳಿದಿದ್ದ ಒಂದೇ ಆಸೆ ಮೈಸೂರು. "ಸರಸ್ವತಿ ಮನೆಗೆ ಯಾವಾಗ ಹೋಗೋದು?" ಎಂದು ಊಟದ ನಡುವೆ ಕೇಳುತ್ತಿದ್ದಳು. ಸರಸ್ವತಿ ಅವಳ ಅಕ್ಕ. ಆ ಹೆಸರೂ ನಾಲಿಗೆಯಿಂದ ಜಾರುವ ಮುಂಚೆ ಒಂದು ಸಲ ಕರೆದುಕೊಂಡು ಹೋಗಿಬಿಡಬೇಕೆಂದು ಸತ್ಯಮೂರ್ತಿಗೆ ತವಕ. ರೈಲು ಆಗದ ಮಾತು. ಹಿಂದೊಮ್ಮೆ ರೈಲಿನಲ್ಲಿ ಹೊರಟಾಗ ಅವನು ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅವಳು ಇನ್ನೊಂದು ಬಾಗಿಲಿಂದ ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದು ಜನರಲ್ಲಿ ಸೇರಿಹೋಗಿದ್ದಳು. ಸಿಕ್ಕಳು, ಆದರೆ ಸಿಗುವವರೆಗೆ ಅವನ ಜೀವ ಬಾಯಿಗೆ ಬಂದಿತ್ತು. ಹೋದ ಬೇಸಿಗೆಯಲ್ಲಿ ಕಾರಿನಲ್ಲೇ ಹೊರಟರೆ ಖಂಡಾಲ ಘಾಟಿಯಲ್ಲಿ ಗಾಡಿ ಏದುಸಿರು ಬಿಟ್ಟು ನಿಂತಿತು. ಹಿಂದಿನ ಲಾರಿಗಳು ಹಾರನ್ನು ಬಾರಿಸಿದ್ದಕ್ಕೆ ಪುಟ್ಟಲಕ್ಷ್ಮಿ ಹೆದರಿ ಕಿವಿ ಮುಚ್ಚಿಕೊಂಡಳು. ಅಲ್ಲಿಂದಲೇ ಹಿಂದಿರುಗಿದರು.

ಎಸ್ಟೇಟಿನ ಗೇಟಿನ ಬಳಿ ಗ್ಯಾರೇಜು ಇಟ್ಟಿದ್ದ ಕುತುಬುದ್ದೀನ ವಿಜಾಪುರದ ಕಡೆಯವನು. ಇಬ್ಬರಿಗೂ ಕನ್ನಡದ ನಂಟು, ಅದಕ್ಕಿಂತ ಹೆಚ್ಚಾಗಿ ಇಂಜಿನ್ನಿನ ನಂಟು. ಇರುವ ಇಂಜಿನ್ನನ್ನೇ ರಿಪೇರಿ ಮಾಡಿದರೆ ಸಾಕೆಂದು ಅವನು ಮೊದಲೇ ಹೇಳಿದ್ದ.

"ಬೋರ್ ಮಾಡ್ಸಿ, ರಿಂಗ್ ಬದ್ಲಿ ಮಾಡಿದ್ರ ಸಾಕ್ರಿ ಸಾಹೇಬ್ರ. ಘಾಟ ಏರತೈತಿ."

"ಏರೋದಲ್ಲ ಕುತುಬು, ಅವಳಿಗೆ ಗೊತ್ತೇ ಆಗ್ಬಾರ್ದು ಘಾಟಿ ಬಂತು ಅಂತ. ಹಾಗೆ ಹೋಗ್ಬೇಕು."

ಮಾತು ಹೆಂಡತಿಯದಾದರೂ ಕಣ್ಣು ಬೇರೆ ಕಡೆಗಿತ್ತು. ಕುರ್ಲಾದ ಗುಜರಿಯಲ್ಲಿ ಅಪಘಾತಕ್ಕೆ ಸಿಕ್ಕ ಮಾರುತಿ ಸಾವಿರದ ಇಂಜಿನ್ ಬಂದಿದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ನಾಲ್ಕು ಸಿಲಿಂಡರು, ಹೊಚ್ಚ ಹೊಸದು. ಎಂಟುನೂರರ ಹೊಟ್ಟೆಯೊಳಗೆ ಸಾವಿರವನ್ನು ಕೂರಿಸುವ ಆಸೆ ಒಮ್ಮೆ ತಲೆಗೆ ಹೊಕ್ಕರೆ, ಅಂಥವನನ್ನು ತಡೆಯುವವರು ಯಾರು?

ರಜೆ ಹಾಕಿ ಸೊಸೈಟಿಯ ಅಂಗಳದಲ್ಲೇ ಕೆಲಸ ಶುರುಮಾಡಿದ. ಮೂರು ಪೈಪುಗಳ ತುದಿ ಸೇರಿಸಿ ಕಟ್ಟಿ ನಿಲ್ಲಿಸಿ, ಚೈನ್ ಪುಲ್ಲಿ ತೂಗುಹಾಕಿ, ಹಳೆಯ ಇಂಜಿನ್ನನ್ನು ಕುತುಬುದ್ದೀನನ ಜೊತೆ ಮೇಲೆತ್ತಿದ. ಸೆಕ್ರೆಟರಿ ಮೇಲಿನಿಂದ ಇಣುಕಿ, ಇದೇನು ಕಾಂಪೌಂಡೋ ಗ್ಯಾರೇಜೋ ಎಂದು ಗೊಣಗಿ ಹೋದ. ಹೊಸ ಇಂಜಿನ್ ಉದ್ದ ಹೆಚ್ಚು, ಅದಕ್ಕೆ ತಕ್ಕ ಬ್ರಾಕೆಟ್ಟುಗಳನ್ನು ಸತ್ಯಮೂರ್ತಿ ತನ್ನ ಶಾಪಿನಲ್ಲೇ ಮಾಡಿಸಿ ತಂದ. ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕಾಯಿತು, ಗೇರಿನ ಸರಳನ್ನು ಕತ್ತರಿಸಿ ಬೆಸೆಯಬೇಕಾಯಿತು. ಮೈಯೆಲ್ಲ ಗ್ರೀಸಾಗಿದ್ದರೂ ಇಷ್ಟು ಖುಷಿಯಾಗಿ ಅವನು ಈಚೆಗೆ ಇದ್ದದ್ದೇ ಇಲ್ಲ.

ಪುಟ್ಟಲಕ್ಷ್ಮಿ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ಒಮ್ಮೆ ಅವನು ನೀರು ಕುಡಿಯಲು ಒಳಗೆ ಹೋದಾಗ ಅವಳು ಗಂಭೀರವಾಗಿ, "ನೋಡಿ, ಕೂಲಿ ವಿಷಯ ನಂಗೊತ್ತಿಲ್ಲ. ನಮ್ಮನೆಯವ್ರು ಬಂದ್ಮೇಲೆ ಅವರ ಹತ್ರಾನೇ ಮಾತಾಡಿ" ಎಂದಳು. ಸತ್ಯಮೂರ್ತಿ ಇದನ್ನು ಹೊರಗೆ ಬಂದು ಕುತುಬುದ್ದೀನನಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ವೇಷದಲ್ಲಿ ನನ್ನ ತಾಯಿಯೂ ಗುರುತು ಹಿಡಿಯುತ್ತಿರಲಿಲ್ಲ ಎಂದ. ಕುತುಬುದ್ದೀನನೂ ನಕ್ಕ. ಆ ದಿನಗಳಲ್ಲಿ ಸಂಜೆ ಅವಳು ಚಡಪಡಿಸುತ್ತಿದ್ದಳು, ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದಳು. ಅಂಗಳದ ಗಲಾಟೆಗೆ ಹಾಗಾಗಿದೆ, ಕೆಲಸ ಮುಗಿದರೆ ಸರಿಹೋಗುತ್ತದೆ ಎಂದು ಅವನು ಸ್ಪ್ಯಾನರನ್ನು ಇನ್ನೂ ಬಿರುಸಾಗಿ ತಿರುಗಿಸಿದ.

ಹಳೆಯ ಇಂಜಿನ್ ಕೈಗಾಡಿ ಏರಿ ಕುತುಬುದ್ದೀನನ ಗ್ಯಾರೇಜು ಸೇರಿತು. "ನಿನ್ನ ಕೂಲಿಯ ಮೇಲೆ ಇದು ನನ್ನ ಇನಾಮು" ಎಂದು ಸತ್ಯಮೂರ್ತಿ ಅದನ್ನು ಬೀಳ್ಕೊಟ್ಟ. ತಿರುಗಿಯೂ ನೋಡಲಿಲ್ಲ.

ಆಯುಧಪೂಜೆಯ ದಿನ ಗಾಡಿ ಸಿದ್ಧವಾಯಿತು. ಬಾನೆಟ್ಟಿಗೆ ಕುಂಕುಮ, ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಸತ್ಯಮೂರ್ತಿ ಸ್ನಾನ ಮಾಡಿ ಇಸ್ತ್ರಿ ಶರ್ಟು ತೊಟ್ಟು ಹೈವೇವರೆಗೆ ಒಂದು ಸುತ್ತು ಹೊಡೆದ. ಕಾಲು ಊರಿದರೆ ಸಾಕು, ಕಾರು ಮುನ್ನುಗ್ಗುತ್ತಿತ್ತು, ಸದ್ದು ಬೆಣ್ಣೆಯಷ್ಟು ನುಣುಪು. ಖಂಡಾಲದ ಲಾರಿಗಳನ್ನೆಲ್ಲ ಮನಸ್ಸಿನಲ್ಲೇ ಹಿಂದೆ ಹಾಕುತ್ತ, ಸಂಜೆ ಅವನು ದಿನಾ ಬರುವ ಹೊತ್ತಿಗೆ ಸರಿಯಾಗಿ ಗೇಟಿನೊಳಗೆ ತಿರುಗಿದ.

ಬಾಗಿಲಲ್ಲಿ ಯಾರೂ ಇರಲಿಲ್ಲ.

ಒಳಗೆ ಪುಟ್ಟಲಕ್ಷ್ಮಿ ಕುರ್ಚಿಯಲ್ಲಿ ಕೂತಿದ್ದಳು. ಅವನನ್ನು ನೋಡಿ ಗಡಬಡಿಸಿ ಎದ್ದು ಸೆರಗು ಹೊದ್ದುಕೊಂಡು, "ಯಾರು ಬೇಕಿತ್ತು? ಅವರಿನ್ನೂ ಬಂದಿಲ್ಲ" ಎಂದಳು.

"ನಾನೇ ಕಣೆ, ಪುಟ್ಟೂ."

ಆ ಹೆಸರು ಅಪರಿಚಿತನ ಬಾಯಲ್ಲಿ ಬಂದದ್ದಕ್ಕೆ ಅವಳ ಮುಖ ಬಿಗಿಯಿತು. ಒಳಗೆ ಹೋಗಿ, ದಿನವಿಡೀ ಅವಳನ್ನು ನೋಡಿಕೊಳ್ಳುತ್ತಿದ್ದ ಚಂದ್ರವ್ವನ ಹಿಂದೆ ನಿಂತಳು.

ಒಂದು ದಿನದ್ದು ಎಂದುಕೊಂಡ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಹಾರನ್ನು ಬಾರಿಸಿ ನೋಡಿದ. ಅವಳಿಗಿಷ್ಟವಾದ ನೀಲಿ ಶರ್ಟು ತೊಟ್ಟು ಬಂದ. ಮೈಸೂರಿಗೆ ಹೋಗೋಣವೇ ಎಂದು ಕೇಳಿದ. ಪರಗಂಡಸಿನ ಜೊತೆ ಮೈಸೂರಿಗೆ ಹೋಗುವ ಹೆಂಗಸೇ ಪುಟ್ಟಲಕ್ಷ್ಮಿ? ಅವಳು ಕಿಟಕಿಯ ಕಡೆ ಕಿವಿಯಿಟ್ಟು ಕೂತು, ಕತ್ತಲಾದ ಮೇಲೆ ಚಂದ್ರವ್ವನನ್ನು, "ಇವತ್ತೂ ಬರ್ಲಿಲ್ವಲ್ಲ, ಏನಾಯ್ತೋ" ಎಂದು ಕೇಳುತ್ತಿದ್ದಳು. ಸತ್ಯಮೂರ್ತಿ ಅವಳೆದುರಿನ ಕುರ್ಚಿಯಲ್ಲೇ ಕೂತಿರುತ್ತಿದ್ದ. ಒಂದೊಂದು ಸಲ ಅವನಿಗೆ ತಡೆಯಲಾಗುತ್ತಿರಲಿಲ್ಲ, ಮುಖಕ್ಕೆ ಟವಲು ಹಿಡಿದುಕೊಂಡು ಅತ್ತುಬಿಡುತ್ತಿದ್ದ.

ಕೊನೆಗೆ ಚಂದ್ರವ್ವನೇ ಬಾಯಿ ಬಿಟ್ಟಳು. "ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ಅಕ್ಕಾರು ಮೊದ್ಲಿಂದ್ಲೂ ನಿಮ್ಮ ಮಾರಿ ನೋಡಿ ಗುರುತ ಹಿಡೀತಿದ್ದಿಲ್ರಿ. ಗೇಟಿನ್ಯಾಗ ಆ ಟಿಕ್‌ಟಿಕ್ ಕೇಳ್ತಂದ್ರ, 'ಚಂದ್ರವ್ವ, ಕಾಫಿ ಬೆರೆಸು, ಅವರು ಬಂದ್ರು' ಅಂತ ಏಳ್ತಿದ್ರು. ಆ ಸಪ್ಪಳದ ಹಿಂದ ಯಾರ ಬಂದ್ರೂ ಅವ್ರ ಗಂಡ. ನಿಮಗ ಗೊತ್ತೈತಿ ಅಂತ ನಾ ಸುಮ್ನಿದ್ದೆ."

ಸತ್ಯಮೂರ್ತಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೆಳಗಿನ ಆ ಮಂಪರಿನ ಅರ್ಥವೂ ತಿಳಿಯಿತು. ಇಷ್ಟು ವರ್ಷ ಎದೆಯೊಳಗೆ ಜೋಪಾನವಾಗಿಟ್ಟುಕೊಂಡಿದ್ದ ಜಂಬ ಒಂದೇ ಏಟಿಗೆ ನೆಲಕಚ್ಚಿತು. ಅವಳು ತನ್ನನ್ನು ಎಂದೋ ಮರೆತಿದ್ದಳು. ಅವಳ ಪಾಲಿಗೆ ಉಳಿದ ಗಂಡ ಒಂದು ಸವೆದ ಕಬ್ಬಿಣದ ತುಂಡು, ಅದನ್ನು ಅವನೇ ಕೈಯಾರೆ ಕಿತ್ತು ಕೊಟ್ಟಿದ್ದ.

ಗ್ಯಾರೇಜಿಗೆ ಓಡಿದ. ಹಳೆಯ ಇಂಜಿನ್ ಇನ್ನೂ ಅಲ್ಲೇ ಇತ್ತು. ಗಿರಾಕಿಗೆ ಕೊಡಲೆಂದು ಕುತುಬುದ್ದೀನ ಅದನ್ನು ತೊಳೆದು, ಬೋರ್ ಮಾಡಿಸಿ, ಒಳಗೆಲ್ಲ ಹೊಸ ಸಾಮಾನು ಹಾಕಿ ಫಳಫಳ ಮಾಡಿಟ್ಟಿದ್ದ. ವಿಷಯ ಕೇಳಿದ್ದೇ ಅವನು ಪುಲ್ಲಿಯ ಸರಪಳಿ ಹೆಗಲಿಗೆ ಹಾಕಿಕೊಂಡು ಬಂದ. ಮತ್ತೆ ಅದೇ ಅಂಗಳ, ಅದೇ ಮೂರು ಪೈಪು. ಈ ಸಲ ಯಾರೂ ನಗಲಿಲ್ಲ. ಮೈಸೂರಿನ ಆಸೆ ಹೊಸ ಇಂಜಿನ್ನಿನ ಜೊತೆಗೇ ಕೆಳಗಿಳಿಯಿತು.

ಗಾಡಿ ಗೇಟಿನೊಳಗೆ ಬಂದಾಗ ಚಂದ್ರವ್ವ ಒಳಗಿನಿಂದ ನೋಡುತ್ತಿದ್ದಳು. ಪುಟ್ಟಲಕ್ಷ್ಮಿ ತಲೆಯೆತ್ತಿದಳು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು, ಹಾಗೇ ಕಿವಿಗೊಟ್ಟು ನಿಂತಳು. ಆಮೇಲೆ, "ಅಲ್ಲ. ಅವರದ್ದಲ್ಲ" ಎಂದು ಕೂತುಬಿಟ್ಟಳು.

ಹೊಸ ರಾಕರಿನ ಇಂಜಿನ್ ಟಿಕ್ ಎನ್ನಲೂ ಇಲ್ಲ.

ಸತ್ಯಮೂರ್ತಿ ರಾಕರಿಗೂ ವಾಲ್ವಿಗೂ ನಡುವಿನ ಅಂತರ ಹೆಚ್ಚು ಮಾಡಿ ಸದ್ದು ಬರಿಸಲು ನೋಡಿದ. ಸದ್ದೇನೋ ಬಂತು, ಆದರೆ ಅದು ಬೇರೆಯವರ ಗಾಡಿಯ ಸದ್ದು, ಅವನಿಗೇ ತಿಳಿಯಿತು. ಆಗ ಕುತುಬುದ್ದೀನ ಗ್ಯಾರೇಜಿನ ಮೂಲೆಯಲ್ಲಿದ್ದ ಎಣ್ಣೆ ಡಬ್ಬವನ್ನು ನೆಲಕ್ಕೆ ಸುರುವಿದ. ಇಡೀ ಎಸ್ಟೇಟಿನ ಗಾಡಿಗಳ ಹಳೆಯ ಸಾಮಾನು ಅದರಲ್ಲಿತ್ತು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದನ್ನೇ ಒರೆಸಿ, ಬೆರಳಿನಿಂದ ಸವರಿ ಪಕ್ಕಕ್ಕಿಟ್ಟರು. ಸತ್ಯಮೂರ್ತಿಯ ಬೆರಳು ಒಂದು ರಾಕರಿನ ತುದಿಯ ಗುಳಿಯಲ್ಲಿ ನಿಂತಿತು. ಅದೇ ಗುಳಿಯನ್ನು ಅವನು ವರ್ಷಗಳಿಂದ ಬೈದುಕೊಂಡು ಬಂದಿದ್ದ.

ಅದನ್ನು ಕೂರಿಸುವಾಗ ಕುತುಬುದ್ದೀನನ ಕೈ ತಡೆಯಿತು. "ಜಿಂದಗಿ ಪೂರಾ ಕೆಟ್ಟದ್ದ ತಗದ ಚಲೋದ ಹಾಕೀನ್ರಿ ಸಾಹೇಬ್ರ. ಚಲೋದ ತಗದ ಕೆಟ್ಟದ್ದ ಹಾಕೂದ ಇದ ಪಹಿಲೇ ಸಲ."

"ಹಾಕು" ಎಂದ ಸತ್ಯಮೂರ್ತಿ.

ಆ ಸಂಜೆ ಅವನು ಗಾಡಿಯನ್ನು ಮೆಲ್ಲಗೆ ಗೇಟಿನೊಳಗೆ ತಿರುಗಿಸಿದ. ಇಂಜಿನ್ ಆರಿಸಿ ಇಳಿದ. ಬಾಗಿಲಲ್ಲಿ ಪುಟ್ಟಲಕ್ಷ್ಮಿ ಕೂದಲು ತೀಡಿಕೊಂಡು ಲೋಟ ಹಿಡಿದು ನಿಂತಿದ್ದಳು.

"ಬಂದ್ರಾ. ಯಾಕ್ರೀ ಇಷ್ಟು ದಿನ ಮಾಡಿಬಿಟ್ರಿ?"

"ಕೆಲಸ ಇತ್ತು" ಎಂದ. ಕಾಫಿ ಕುಡಿದ. ಅವಳು ಎದುರಿಗೆ ಕೂತು ಅವನನ್ನೇ ನೋಡಿ ನಕ್ಕಳು. ಆ ನಗು ಯಾರಿಗೆ ಸೇರಿದ್ದೆಂದು ಅವನಿಗೆ ಈಗ ಗೊತ್ತಿತ್ತು, ಆದರೂ ಬೊಗಸೆಯೊಡ್ಡಿ ತೆಗೆದುಕೊಂಡ.

"ನೀವಿಲ್ದಾಗ ಯಾರೋ ಒಬ್ರು ಬರ್ತಿದ್ರು ರೀ" ಎಂದಳು ಅವಳು ದನಿ ತಗ್ಗಿಸಿ. "ವಯಸ್ಸಾದೋರು. ಈ ಕುರ್ಚೀಲೇ ಕೂತ್ಕೋತಿದ್ರು. ಒಳ್ಳೇವ್ರೇ, ಏನೂ ತೊಂದರೆ ಕೊಡ್ಲಿಲ್ಲ. ಒಂದೊಂದ್ಸಲ ಅಳ್ತಿದ್ರು."

"ಯಾಕೆ ಅಂತ ಕೇಳ್ಲಿಲ್ವಾ?"

"ನಾನು ಹೇಗೆ ಕೇಳ್ಲಿ? ನೀವು ಮನೇಲಿಲ್ಲ. ಪಾಪ, ಒಂದು ಲೋಟ ಕಾಫೀನೂ ಕೊಡ್ಲಿಲ್ಲ ನಾನು. ಮತ್ತೆ ಬಂದ್ರೆ ಕೊಡ್ಲಾ?"

"ಕೊಡು" ಎಂದ ಸತ್ಯಮೂರ್ತಿ.

ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಆ ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಪುಟ್ಟಲಕ್ಷ್ಮಿ ಕೋಣೆಯಿಂದ ಬಂದವಳು ಅವನನ್ನು ಕಂಡು ನಿಂತಳು. ನಿನ್ನೆಯದು ಇಂದಿಗೆ ಉಳಿಯದ ತಲೆಯಲ್ಲಿ ಇದೊಂದು ಮಾತು ಹೇಗೋ ಉಳಿದುಕೊಂಡಿತ್ತು. ಸೆರಗು ಹೊದ್ದುಕೊಂಡು ಅಡುಗೆಮನೆಗೆ ಹೋಗಿ ಚಂದ್ರವ್ವನ ಕೈಯಿಂದ ಲೋಟ ತಂದಳು. ಅವನ ಕೈಗೆ ಕೊಡಲಿಲ್ಲ, ಸ್ವಲ್ಪ ದೂರದಲ್ಲಿ ಸ್ಟೂಲಿನ ಮೇಲೆ ಇಟ್ಟಳು.

"ತಗೊಳ್ಳಿ" ಎಂದಳು. "ನಮ್ಮನೆಯವ್ರು ಕೊಡು ಅಂದಿದಾರೆ."