ನಾಯಿ ನಿಲ್ಲುವ ಜಾಗ

ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಔಲಿಸನಿಗೆ ಅಪ್ಪನ ಕಾಲದ ಕೋವಿ ಒದೆಯುವ ಹಸುವಾಯಿತು. ಒಂದು ಗುಂಡು ಹೊಡೆದರೆ ಮೂರು ದಿನ ಕೈ ಎತ್ತಲಾಗುತ್ತಿರಲಿಲ್ಲ. ಬೇಟೆ ಬಿಡು ಎಂದು ಡಾಕ್ಟರು ಹೇಳಿದ್ದನ್ನು ಅವನು ಮನೆಯಲ್ಲಿ ಹೇಳಲೇ ಇಲ್ಲ. ಅಕ್ಟೋಬರಿನಲ್ಲಿ ಮೂಸ್ ಎಂಬ ಕುದುರೆಗಾತ್ರದ ಜಿಂಕೆಯ ಬೇಟೆಗೆ ಹೋಗದ ಗಂಡಸು ಉತ್ತರದ ಚಳಿನಾಡಾದ ಕೈನೂ ಸೀಮೆಯಲ್ಲಿ ಬದುಕಿದ್ದೂ ಸತ್ತ ಹಾಗೆ ಎಂಬುದು ಅವನ ಖಡಾಖಂಡಿತ ಅಭಿಪ್ರಾಯ.

ಊರಿನ ಕೋವಿ ರಿಪೇರಿಯವನು ಒಸ್ಸಿ. ಬೇಟೆ ತಂಡದ ಮುಂದಾಳೂ ಅವನೇ, ಔಲಿಸನ ಶಾಲೆಯ ಗೆಳೆಯನೂ ಅವನೇ. ನಳಿಗೆಯ ಬಾಯಿಗೆ ಏನಾದರೂ ಹಾಕಿದರೆ ಒದೆತ ಕಡಿಮೆಯಾಗುತ್ತದೆ ಎಂದು ಅವನು ಎರಡು ದಾರಿ ತೋರಿಸಿದ. ಒಂದು ಬ್ರೇಕು: ಹೆಬ್ಬೆರಳುದ್ದದ ಉಕ್ಕಿನ ತುಂಡು, ಪಕ್ಕಗಳಲ್ಲಿ ಕಂಡಿ. ಹೊಗೆಯೆಲ್ಲ ಆ ಕಂಡಿಗಳಿಂದ ಅಕ್ಕಪಕ್ಕಕ್ಕೆ ನುಗ್ಗುತ್ತದೆ, ಭುಜಕ್ಕೆ ಅರ್ಧದಷ್ಟೂ ಪೆಟ್ಟು ಬೀಳುವುದಿಲ್ಲ, ಸದ್ದು ಮಾತ್ರ ದುಪ್ಪಟ್ಟು. ಇನ್ನೊಂದು ಸೈಲೆನ್ಸರು: ಒದೆತವೂ ತಗ್ಗುತ್ತದೆ, ಸದ್ದೂ ತಗ್ಗುತ್ತದೆ. ಆದರೆ ಮೊದಲೇ ಉದ್ದವಾದ ನಳಿಗೆಗೆ ಆ ಡಬ್ಬಿಯನ್ನೂ ಸೇರಿಸಿದರೆ ಸ್ಪ್ರೂಸ್ ಮರಗಳ ಮೆಳೆಯಲ್ಲಿ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತದೆ. ನಳಿಗೆಯನ್ನು ಒಂದು ಗೇಣು ಕತ್ತರಿಸಬೇಕು.

ಅಪ್ಪನ ಕೋವಿಯನ್ನು ಕತ್ತರಿಸುವುದೇ! ಅದೂ ಅಲ್ಲದೆ, ಒಸ್ಸಿ ತನ್ನ ಕೋವಿಗೆ ಸೈಲೆನ್ಸರು ಹಾಕಿದಾಗಿನಿಂದ ‘ನಾಚಿಕೊಂಡು ಗುಂಡು ಹೊಡೆಯೋನು’ ಎಂದು ತಂಡದ ಮುಂದೆಲ್ಲ ಆಡಿಕೊಂಡಿದ್ದವನು ಇದೇ ಔಲಿಸ್. ಆಡಿದ ಮಾತು ಈಗ ಕಾಲಿಗೆ ತೊಡರಿಕೊಂಡಿತು. ಬ್ರೇಕನ್ನೇ ಆರಿಸಿದ. ಇಬ್ಬರೂ ಕಿವಿಗವಸು ಹಾಕಿಕೊಂಡು ಗುರಿಯಂಗಳದಲ್ಲಿ ಪರೀಕ್ಷಿಸಿದರು. ಭುಜ ನೋಯಲಿಲ್ಲ. ಇದಕ್ಕಿಂತ ಇನ್ನೇನು ಬೇಕು ಎಂದು ಕಾಫಿ ಕುಡಿದು ಮನೆಗೆ ಬಂದರು.

ಕಾಡಿನಲ್ಲಿ ಕಿವಿಗವಸು ಇಲ್ಲದ ಜೀವ ಒಂದಿದೆ ಎಂಬುದು ನಲವತ್ತು ವರ್ಷ ಬೇಟೆಯಾಡಿದ ಈ ಇಬ್ಬರು ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಪಿಹ್ಕಾ ಔಲಿಸನ ಬೂದು ಬಣ್ಣದ ಹೆಣ್ಣುನಾಯಿ. ಮೂಸನ್ನು ಹುಡುಕಿ, ಬೊಗಳಿ ಬೊಗಳಿ ನಿಲ್ಲಿಸುವುದು ಅದರ ಕೆಲಸ. ಗಾಳಿಗೆ ಎದುರಾಗಿ ಮೆಲ್ಲಗೆ ಹತ್ತಿರ ಹೋಗಿ ಹೊಡೆಯುವುದು ಔಲಿಸನ ಕೆಲಸ. ಆ ಶರತ್ಕಾಲದ ಮೊದಲ ಗುಂಡು ಹಾರಿದಾಗ ಪಿಹ್ಕಾ ಅವನ ಪಕ್ಕಕ್ಕೇ ಬಂದಿತ್ತು. ಮೂಸ್ ಬಿತ್ತು. ನಾಯಿ ಕೂಗಲೂ ಇಲ್ಲ, ಬಾಲ ಮುದುರಿಕೊಂಡು ಕಾಡಿನಲ್ಲಿ ಮಾಯವಾಯಿತು. ಸಂಜೆ ಕಾರಿನ ಕೆಳಗೆ ಸಿಕ್ಕಿತು.

ಆಮೇಲೂ ಅದು ಮೂಸ್ ಹುಡುಕುತ್ತಿತ್ತು, ಬೊಗಳುತ್ತಿತ್ತು. ಆದರೆ ಮರಗಳ ನಡುವೆ ಔಲಿಸ್ ಕಾಣಿಸಿಕೊಂಡ ಗಳಿಗೆ ಬಾಯಿ ಮುಚ್ಚಿ ಹಿಂದೆ ಸರಿದುಬಿಡುತ್ತಿತ್ತು. ಒಂದು ಸಲವಲ್ಲ, ಸೀಸನ್ ಮುಗಿಯುವವರೆಗೂ. ಕೋವಿಯ ಸದ್ದಿಗೆ ಹೆದರಿದೆ, ಸರಿಹೋಗುತ್ತದೆ ಎಂದು ಅವನು ಹೇಳುತ್ತಲೇ ಇದ್ದ. ಹೆಂಡತಿ ಹಿಲ್ಕಾ ಕೇಳುವಷ್ಟು ದಿನ ಕೇಳಿ, ಬಟಾಣಿ ಸಾರು ಬಡಿಸುತ್ತಾ ಒಂದು ದಿನ ಹೇಳಿಯೇಬಿಟ್ಟಳು.

"ಮೊನ್ನೆ ಒಸ್ಸಿ ಕೋವಿ ಹಿಡ್ಕೊಂಡು ಬಂದಾಗ ಅವನ ಕೈ ನೆಕ್ತಾ ಇತ್ತು. ಅದಕ್ಕೆ ಕೋವಿ ಭಯ ಅಲ್ಲ, ನಿನ್ನ ಭಯ."

ಆ ಮಾತು ಔಲಿಸನಿಗೆ ಭುಜಕ್ಕಿಂತ ಹೆಚ್ಚು ನೋವು ಕೊಟ್ಟಿತು. ಚಳಿಗಾಲವಿಡೀ ನಾಯಿ ಒಲೆಯ ಆ ಮಗ್ಗುಲಲ್ಲಿ ಮಲಗಿತು, ಅವನು ಈ ಮಗ್ಗುಲಲ್ಲಿ ಕೂತ.

ಹಿಮ ಕರಗಿದ ಮೇಲೆ ಅವನು ಒಸ್ಸಿಯನ್ನು ಗುರಿಯಂಗಳಕ್ಕೆ ಕರೆದೊಯ್ದು ಕೋವಿಯನ್ನು ಅವನ ಕೈಗೇ ಕೊಟ್ಟ. ತಾನು ಕೋವಿ ಇಟ್ಟು ಹೊಡೆಯುವ ಮೇಜಿನ ಪಕ್ಕ, ನಳಿಗೆಯ ಬಾಯಿಗೆ ಆದಷ್ಟು ಹತ್ತಿರ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಿವಿಗವಸು ತೆಗೆದಿಟ್ಟ.

"ನಿಂಗೇನು ತಲೆ ಕೆಟ್ಟಿದೆಯೇನೋ?" ಅಂದ ಒಸ್ಸಿ.

"ನಾಯಿ ನಿಲ್ಲೋ ಜಾಗ ಇದು. ಹೊಡಿ."

ಒಸ್ಸಿ ಆಗುವುದಿಲ್ಲ ಎಂದ, ಬೈದ, ಮನೆಗೆ ಹೋಗುತ್ತೇನೆಂದು ಎದ್ದೂ ನಿಂತ. ಔಲಿಸ್ ಅಲ್ಲಾಡಲಿಲ್ಲ. ಕಡೆಗೆ ಒಸ್ಸಿ ಒಂದೇ ಒಂದು ಗುಂಡು ಹೊಡೆದ. ಔಲಿಸನಿಗೆ ಕಪಾಳಕ್ಕೆ ಹಲಗೆಯಲ್ಲಿ ಬಾರಿಸಿದಂತಾಯಿತು. ಕಣ್ಣಲ್ಲಿ ನೀರು ಬಂತು, ಒಸ್ಸಿಯ ತುಟಿ ಆಡುವುದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಅವನಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಇದನ್ನು ಮಾಡಿದವನು ಯಾರೆಂದು ಗೊತ್ತಿದ್ದರೆ ಅವನ ಮುಖ ಮತ್ತೆ ನೋಡಬಾರದು ಅನ್ನಿಸಿತು.

ಕಿವಿಯೊಳಗಿನ ಗುಂಯ್‌ಗುಡುವಿಕೆ ಇಳಿಯುವಷ್ಟರಲ್ಲಿ ಅವನ ತೀರ್ಮಾನವೂ ಆಗಿತ್ತು. "ಕತ್ತರಿಸು. ಡಬ್ಬಿ ಹಾಕು."

"ಇನ್ಮೇಲೆ ನೀನೂ ನಾಚಿಕೊಂಡು ಹೊಡೆಯೋನೇ," ಅಂದ ಒಸ್ಸಿ.

"ಈಗ ನಾಚಿಕೆಪಡೋಕೆ ಕಾರಣ ಇದೆ ಕಣೋ."

ಕತ್ತರಿಸಿದ ಗೇಣುದ್ದದ ನಳಿಗೆಯನ್ನು ಒಸ್ಸಿ ಬಟ್ಟೆಯಲ್ಲಿ ಸುತ್ತಿಕೊಟ್ಟ. ಔಲಿಸ್ ಅದನ್ನು ಅಪ್ಪನ ಫೋಟೋದ ಹಿಂದೆ ಇಟ್ಟ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ, ಆದರೆ ಅಪ್ಪನೂ ನಾಯಿ ಸಾಕಿದವನೇ.

ಅಕ್ಟೋಬರ್ ಬಂತು. ಜೌಗಿನ ಅಂಚಿನ ಮೆಳೆಯಲ್ಲಿ ಪಿಹ್ಕಾ ಬೊಗಳತೊಡಗಿತು. ಔಲಿಸ್ ಕಿವಿಗವಸನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದ. ನಾಯಿಯ ಕಿವಿಗೆ ಬೀಳುವುದು ತನ್ನ ಕಿವಿಗೂ ಬೀಳಲಿ ಎಂಬ ಹಟ. ಹತ್ತಿರ ಹೋದ. ಮೂಸ್ ಪಕ್ಕವೊಡ್ಡಿ ನಿಂತಿತ್ತು. ಅಷ್ಟರಲ್ಲಿ ಪಿಹ್ಕಾ ಅವನನ್ನು ನೋಡಿತು, ಬೊಗಳುವುದನ್ನು ನಿಲ್ಲಿಸಿತು.

ಹೊಡೆಯಬಹುದಿತ್ತು. ಅವನು ಕೋವಿಯನ್ನು ಇಳಿಸಿ ಸುಮ್ಮನೆ ನಿಂತ. ಮೂಸ್ ಹೊರಟುಹೋಯಿತು. ಪಿಹ್ಕಾ ಅವನನ್ನೊಮ್ಮೆ, ಮೂಸ್ ಹೋದ ದಾರಿಯನ್ನೊಮ್ಮೆ ನೋಡಿ ಅದರ ಹಿಂದೆ ಓಡಿತು. ದಿಬ್ಬದ ಆಚೆ ಮತ್ತೆ ಬೊಗಳುವುದು ಕೇಳಿತು.

ಈ ಸಲವೂ ಅವನು ಕಾಣುತ್ತಲೇ ನಾಯಿ ಬಾಯಿ ಮುಚ್ಚಿತು. ಅವನು ಕಾದ. ಪಿಹ್ಕಾ ಅವನ ಮೇಲೆ ಕಣ್ಣಿಟ್ಟುಕೊಂಡೇ ಒಂದು ಸಲ ಬೊಗಳಿತು. ಆಮೇಲೆ ಮೂಸಿನ ಕಡೆ ತಿರುಗಿ ಬಿಡದೆ ಬೊಗಳಿತು. ಆಗ ಹೊಡೆದ. ಭುಜ ಚುರ್ ಅಂದಿತು. ಮೂಸ್ ಎರಡು ಹೆಜ್ಜೆ ಇಟ್ಟು ಬಿತ್ತು. ನಾಯಿ ಬೆಚ್ಚಿ ದೂರ ಓಡಿ, ಒಂದು ಮರದ ಬುಡದಲ್ಲಿ ನಿಂತು ಹಿಂತಿರುಗಿ ನೋಡಿತು.

ಮೂಸ್ ಮಿಸುಕುವುದಿಲ್ಲವೆಂದು ಖಾತ್ರಿಯಾದ ಮೇಲೆ ಔಲಿಸ್ ಕೋವಿಯನ್ನು ಮರಕ್ಕೆ ಒರಗಿಸಿ ಪಾಚಿಯ ಮೇಲೆ ಕೂತುಕೊಂಡ. ಬೇಟೆ ತಂಡದವರು ಮಾತಾಡಿಕೊಳ್ಳುವ ಕೈರೇಡಿಯೋದಲ್ಲಿ ಒಸ್ಸಿ, ಬಿತ್ತೇನೋ, ಎಂದು ಕೇಳಿದ.

"ಇರು ಒಂದ್ನಿಮಿಷ. ನಾಯಿ ಇನ್ನೂ ಯೋಚನೆ ಮಾಡ್ತಾ ಇದೆ."

ಬಿದ್ದ ಮೂಸಿನ ಕೂದಲು ಕಚ್ಚಿ ಎಳೆಯುವುದೆಂದರೆ ಪಿಹ್ಕಾಗೆ ಪ್ರಾಣ. ಅಂದು ಅದು ಮೂಸನ್ನು ದಾಟಿಕೊಂಡು ಬಂತು. ಕೋವಿಯಿಂದ ಮಾರು ದೂರ ಸುತ್ತುಹಾಕಿ ಅವನ ಎಡಗಡೆಗೆ ಬಂದು ನಿಂತು, ಅವನ ಕಿವಿಯನ್ನು ಮೂಸಿ ನೋಡಿ ಒಮ್ಮೆ ನೆಕ್ಕಿತು. ಔಲಿಸ್ ಅತ್ತುಬಿಟ್ಟ. ರೇಡಿಯೋ ಮತ್ತೆ ಕರೆಯುತ್ತಿತ್ತು.