ಭಾರದ ಗಾಡಿಗಳು ಎಡಕ್ಕೆ

ಒಂದು ಊರಿತ್ತಂತ, ಆ ಊರಿಗೆ ಒಂದ ದಾರಿ ಇತ್ತಂತ, ಆ ದಾರಿ ಮ್ಯಾಲೆ ನಿಲ್ಲಂಗಿಲ್ಲ, ಹೊಳ್ಳಂಗಿಲ್ಲ, ನಡಕೋತ ಹೋಗಂಗಿಲ್ಲ, ಎತ್ತಿನ ಬಂಡಿ ಹೊಡಿಯಂಗಿಲ್ಲಂತ — ಆಯಿಯ ಕತೆ ಹೀಗೇ ಶುರುವಾಗುತ್ತಿತ್ತೋ, ಅಥವಾ ಈಗ ಕಿಟಕಿಯ ಹೊರಗೆ ಸರಿದುಹೋದ ಆ ದೊಡ್ಡ ಬೋರ್ಡು ನೋಡಿ ನಾನೇ ಕಟ್ಟಿಕೊಂಡೆನೋ, ಬೋರ್ಡಿನ ತುಂಬ ಕೆಂಪು ಚಕ್ರಗಳು, ಒಂದು ಚಕ್ರದೊಳಗೆ ಬಂಡಿ, ಒಂದರೊಳಗೆ ಸೈಕಲ್ಲು, ಒಂದರೊಳಗೆ ನಡೆಯುವ ಮನುಷ್ಯ, ಎಲ್ಲರ ಮೈಮೇಲೂ ಒಂದೊಂದು ಕೆಂಪು ಗೆರೆ, ಚಿಂಚವಾಡದ ಡ್ರೈವಿಂಗ್ ಸ್ಕೂಲಿನಲ್ಲಿ ದಿನಾ ನಾನು ಇವೇ ಚಿತ್ರಗಳನ್ನು ಎತ್ತಿ ಹಿಡಿಯುತ್ತೇನೆ, ಹೆವಿ ಲೈಸೆನ್ಸಿಗೆ ಬಂದ ಗಂಡಸರು ಬೆಂಚಿನ ಮೇಲೆ ಕುಂತು ಹೇಳುತ್ತಾರೆ, ನಿಷೇಧಕ್ಕೆ ಇಲ್ಲಿ ಬಂದಿ ಅನ್ನುತ್ತಾರೆ, ಪಾದಚಾರಿಗೆ ಬಂದಿ ಮೇಡಂ, ನಿಲ್ಲೋದು ಬಂದಿ ಮೇಡಂ, ಭಾರದ ಗಾಡಿಗಳು ಎಡಕ್ಕೆ, ಘಾಟಿನಲ್ಲಿ ಸ್ಪೀಡ್ ಎಷ್ಟು, ನಲವತ್ತು ಮೇಡಂ, ಒಬ್ಬನೂ ತಪ್ಪು ಹೇಳುವುದಿಲ್ಲ, ಆದರೂ ನನಗೆ ಪ್ರತಿ ಸಲ ಆ ನಡೆಯುವ ಮನುಷ್ಯನ ಚಿತ್ರ ಬಂದಾಗ ಕೈ ಸ್ವಲ್ಪ ಕೆಳಗಿಳಿಯುತ್ತದೆ, ಅವನು ಎಲ್ಲಿಗೆ ಹೊರಟಿದ್ದ, ಯಾರಾದರೂ ಕೇಳಿದ್ದಾರಾ, ಅವನ ಕೈಯಲ್ಲಿ ಏನಿತ್ತು — ಸುಮ್ಮಿ, ನಿದ್ದಿ ಬಂತೇನ, ಹುಲಿಗೆಪ್ಪ ಕಾಕಾ ಸ್ಟೇರಿಂಗಿನ ಮೇಲಿಂದ ಕೇಳುತ್ತಾನೆ, ಇಲ್ಲ ಕಾಕಾ, ನಿದ್ದಿ ಮಾಡಬ್ಯಾಡವಾ, ಖಂಡಾಲಾ ಘಾಟ್ ಶುರು ಆತು, ನಿಮ್ಮಪ್ಪನ ಜಾಗಾ ದೂರಿಲ್ಲ ಈಗ.

ಅಪ್ಪನನ್ನು ನಿಗಡಿಯ ಮನೆಗೆ ಕರೆದುಕೊಂಡು ಹೋಗಬೇಕು, ಅಷ್ಟೇ ಕೆಲಸ, ಅಪ್ಪ ಸತ್ತು ನಾಲ್ಕು ಮಳೆಗಾಲ ಆಯಿತು ಅನ್ನುವುದು ಬಿಟ್ಟರೆ ಎಂಥ ಸಾದಾ ಕೆಲಸ, ಆಯಿ, ಅಪ್ಪನ ಅವ್ವ, ಹೇಳಿದ್ದು ಇಷ್ಟೇ, ಊರ ಹೊರಗೆ ದಾರಿಯಲ್ಲಿ ಜೀವ ಹೋದವನು ತಾನಾಗಿ ಮನೆಗೆ ಬರುವುದಿಲ್ಲ, ಅವನಿಗೆ ದಾರಿ ಮುಗಿದದ್ದೇ ಗೊತ್ತಿರುವುದಿಲ್ಲ, ಮನೆಯವರು ಆ ಜಾಗಕ್ಕೆ ಹೋಗಿ ಕೂಗಬೇಕು, ಕೂಗಿ ಮುಂದೆ ನಡೆಯಬೇಕು, ಹೊಸ್ತಿಲು ದಾಟುವ ತನಕ ಹಿಂದಕ್ಕೆ ನೋಡಬಾರದು, ಅವನು ಬೆನ್ನ ಹಿಂದೆ ಬರುತ್ತಾನೆ. ಯಾದಗಿರಿ ಕಡೆ ಹೊಲದ ಬದುವಿನಲ್ಲಿ ಹಾವು ಕಡಿದು ಹೋದ ತನ್ನ ಗಂಡನನ್ನು ಆಯಿ ಹಾಗೇ ಕರೆದು ತಂದಿದ್ದಳಂತೆ, ಬದುವಿನಿಂದ ಬಾಗಿಲ ತನಕ, ಹಿಂದೆ ಒಣ ಎಲೆ ಸದ್ದು ಮಾಡಿದವಂತೆ, ಚಿಕ್ಕವಳಿದ್ದಾಗ ಆ ಎಲೆಗಳ ಸದ್ದು ಬರುವ ಹೊತ್ತಿಗೆ ನಾನು ಆಯಿಯ ಸೆರಗಿನೊಳಗೆ ಮುಖ ಹಾಕುತ್ತಿದ್ದೆ. ಆದರೆ ಇದು ಬದು ಅಲ್ಲ, ಎಕ್ಸ್‌ಪ್ರೆಸ್‌ವೇ, ಇಲ್ಲಿ ನಡೆಯಲಿಕ್ಕೂ ಬಿಡುವುದಿಲ್ಲ ನಿಲ್ಲಲಿಕ್ಕೂ ಬಿಡುವುದಿಲ್ಲ, ಹಾಗಂತ ಬಾಬು ಚಿಗಪ್ಪ ಮುಂಬೈ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಬಂದ, ಬಂದು ಕರದು ಬಂದೀನಿ ಬಿಡು ಅಂದ, ಆಯಿ ನಕ್ಕುಬಿಟ್ಟಳು, ಹಲ್ಲಿಲ್ಲದ ಬಾಯಿ ತೆರೆದು, ಎಂಬತ್ತರಾಗ ಓಡೋ ಬಸ್ಸಿನ ಹಿಂದ ನನ್ನ ಮಗ ಹೆಂಗ ಓಡಿ ಬರಬೇಕೋ ಹುಚ್ಚಾ, ಅವನ ಕಾಲು ಮುರದಾವ. ಅವತ್ತಿನಿಂದ ಗೊತ್ತಾಯಿತು, ಮುರಿದ ಕಾಲಿನವರು ಹತ್ತಬಹುದಾದ ಗಾಡಿ ಒಂದೇ, ಹೇರು ಹೇರಿಕೊಂಡು ಎಡಗಡೆಯ ಲೇನಿನಲ್ಲಿ ತೆವಳಿಕೊಂಡು ಘಾಟ್ ಹತ್ತುವ ಲಾರಿ, ಮತ್ತು ಲಾರಿ ಅನ್ನುವ ಶಬ್ದವನ್ನು ಅವ್ವ ಮನೆಯೊಳಗೆ ಬಿಡುತ್ತಿರಲಿಲ್ಲ, ಈ ಮನಿಯವರು ಯಾರರೇ ಲಾರಿಗೆ ಕಾಲಿಟ್ರ ನಾ ಕಾಲು ಮುರೀತೀನಿ ಅಂದಿದ್ದಳು, ಅಂದಮೇಲೆ ತಾನು ಏನಂದೆ ಅಂತ ತಿಳಿದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಆಯಿ ಹಾಸಿಗೆ ಹಿಡಿದಿದ್ದಾಳೆ, ಗಂಜಿ ಬೇಡ ಅನ್ನುತ್ತಾಳೆ, ಬಾಗಿಲ ಚಿಲಕ ಹಾಕಗೊಡುವುದಿಲ್ಲ, ನಾ ಹೋದ ಮ್ಯಾಲೆ ಅಂವ ಬಂದ್ರ ಗುರುತು ಹಿಡಿಯೋರು ಯಾರು, ನೀವು ಭೂತ ಅಂತ ಅಂಜತೀರಿ, ಸುಮ್ಮಿ, ನಾ ಇರೂದ್ರಾಗ ಕರಕೊಂಡು ಬರ್ತಿ ಅಲ್ಲ, ಬರ್ತೀನಿ ಆಯಿ, ಆಣಿ ಮಾಡು, ಆಣಿ ಆಯಿ — ಹೊರಡುವಾಗ ಕೈ ಹಿಡಿದು ಕಿವಿಯ ಹತ್ತಿರ ಎಳೆದುಕೊಂಡಳು, ಹೆಸರು ಹಿಡದು ಕರಿ, ಅಪ್ಪಾ ಅನಬ್ಯಾಡ, ಆ ದಾರಿ ಮ್ಯಾಲೆ ಬಿದ್ದವರೆಲ್ಲಾ ಯಾರದರೇ ಅಪ್ಪನ ಇರ್ತಾರ, ಎಲ್ಲಾರೂ ಎದ್ದು ಹೊಂಡತಾರ.

ಭೀಮಣ್ಣ, ಭೀಮಣ್ಣ, ಭೀಮಣ್ಣ, ಬಾಯಿಯೊಳಗೆ ಹೊರಳಿಸಿ ನೋಡುತ್ತೇನೆ, ಅಪ್ಪನ ಹೆಸರನ್ನು ನಾನು ಯಾವತ್ತೂ ಕೂಗಿಲ್ಲ, ಯಾವ ಮಗಳು ಕೂಗಿದ್ದಾಳೆ, ನಾಲಿಗೆಗೆ ಬೇರೆಯವರ ಅಂಗಿ ತೊಡಿಸಿದ ಹಾಗೆ, ಲಾರಿ ಫಸ್ಟ್ ಗೇರಿನಲ್ಲಿ ಕೊಸರುತ್ತಿದೆ, ಬೆನ್ನ ಹಿಂದೆ ಕಳಂಬೋಲಿಯಲ್ಲಿ ಹೇರಿದ ತಗಡಿನ ಸುರುಳಿಗಳು, ಒಂದೊಂದು ಒಂದು ಬಾವಿಯಷ್ಟು ಅಗಲ, ಸರಪಳಿ ಕಟಕಟ ಅನ್ನುತ್ತದೆ, ಅಪ್ಪನ ಗಾಡಿಯಲ್ಲೂ ಇವೇ ಸುರುಳಿಗಳು, ಹುಲಿಗೆಪ್ಪ ಕಾಕಾ ಆಗ ಅಪ್ಪನ ಕ್ಲೀನರು, ಈಗ ಡ್ರೈವರು, ಮುಂದೆ ಮಂಜು ಇಳಿಯುತ್ತಿದೆ, ಮಧ್ಯಾಹ್ನವೇ ದೀಪ ಹಚ್ಚಿದ್ದಾರೆ ಎಲ್ಲರೂ, ಬಲಗಡೆ ಕಾರುಗಳು ಸುಯ್ ಸುಯ್ ಹೋಗುತ್ತವೆ, ಕಾಕಾ ಹೇಳುತ್ತಾನೆ, ಎಷ್ಟೋ ಸಲ ಹೇಳಿದ್ದನ್ನು ಮತ್ತೆ, ಇಲ್ಲೇ ಗಾಡಿ ಗರಂ ಆಗಿ ನಿಂತಿತು, ಬ್ರೇಕ್ ಸರಿಯಾಗಿ ಹಿಡಿಯಾಕತ್ತಿದ್ದಿಲ್ಲ, ಹುಲಿಗ್ಯಾ ನೀ ಬ್ರೇಕ್ ತುಳಕೊಂಡು ಕುಂಡ್ರು, ಕಾಲು ತಗದಿ ಅಂದ್ರ ಇಬ್ರೂ ಘಾಟಿನ ಕೆಳಗ ಖೋಪೋಲಿ ಸೇರ್ತೀವಿ, ನಾ ಟೊಂಗಿ ಇಟ್ಟು ಬರ್ತೀನಿ ಅಂದ ನಿಮ್ಮಪ್ಪ. ಕೆಟ್ಟು ನಿಂತ ಗಾಡಿಯ ಹಿಂದೆ ರಸ್ತೆಗೆ ಒಂದು ಹಸಿರು ಟೊಂಗೆ ಇಡುವುದು, ಎಲ್ಲ ಡ್ರೈವರುಗಳ ರೀತಿ ಅದು, ದೂರದಿಂದ ಎಲೆ ಕಂಡರೆ ಮುಂದೆ ಯಾರೋ ನಿಂತಿದ್ದಾರೆ ಅಂತ ಅರ್ಥ, ಕೆಂಪು ತ್ರಿಕೋನ ಇಡಬೇಕು ಅಂತ ನಾನು ಸ್ಕೂಲಿನಲ್ಲಿ ಹೇಳಿಕೊಡುತ್ತೇನೆ, ಅವರು ಹೂಂ ಅಂತಾರೆ, ಹೋಗಿ ಟೊಂಗೆಯನ್ನೇ ಇಡುತ್ತಾರೆ, ಹಳೇ ರಸ್ತೆಯಲ್ಲಾದರೆ ಕೈ ಚಾಚಿದಲ್ಲಿ ಗಿಡ, ಇಲ್ಲಿ ಎರಡೂ ಕಡೆ ಬೋಳು ಬಂಡೆ ಕಡಿದು ಮಾಡಿದ ಗೋಡೆ, ಒಂದು ಎಲೆ ಇಲ್ಲ, ಅಪ್ಪ ಟೊಂಗೆ ಹುಡುಕುತ್ತ ಇಳಿಜಾರಿನಲ್ಲಿ ಹಿಂದಕ್ಕೆ ನಡೆದ, ಭಾಳ ದೂರ ನಡೆದ, ಕನ್ನಡಿಯಲ್ಲಿ ಚಿಕ್ಕವನಾಗುತ್ತ ಹೋದ ಅನ್ನುತ್ತಾನೆ ಕಾಕಾ, ಎಲ್ಲೋ ಒಂದು ಸಿಕ್ಕಿತು, ಹಿಡಿದು ಮೇಲೆ ಬರುತ್ತಿದ್ದ, ಮಂಜಿನೊಳಗೆ ಎಲೆಗಳಷ್ಟೇ ಬರುತ್ತಿದ್ದವು ಸುಮ್ಮಿ, ಮನುಷ್ಯಾ ಕಾಣತಿದ್ದಿಲ್ಲ — ಆಗ ಎಡಗಡೆ ಬಿಟ್ಟು ಹೊರಗೆ ಬರಬಾರದಿದ್ದ ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲಿಕ್ಕೆ ಹೊರಗೆ ಬಂತು, ಮತ್ತೆ ಒಳಗೆ ನುಗ್ಗಿತು, ಆ ಎಲೆಗಳ ಮೇಲೆಯೇ, ಕಾಕಾನ ಕಾಲು ಬ್ರೇಕಿನ ಮೇಲೆಯೇ ಇತ್ತು, ಇಳಿಯಲಿಕ್ಕೂ ಆಗಲಿಲ್ಲ, ಪೊಲೀಸರು ಬಂದು ಚಕ್ರಕ್ಕೆ ಕಲ್ಲು ಕೊಟ್ಟ ಮೇಲೂ ಅವನ ಕಾಲನ್ನು ಅವರೇ ಎತ್ತಿ ತೆಗೆಯಬೇಕಾಯಿತಂತೆ.

ಬಂತು ನೋಡು, ಕಾಕಾ ಅಂದ, ಕಿಟಕಿ ಇಳಿಸು, ನಾ ಹಗೂರಕ ಬಿಡ್ತೀನಿ, ನಿಲ್ಲಸಾಕ ಬರಂಗಿಲ್ಲ, ಕರದ ಬಿಡು, ನಾನು ಗಾಜು ಇಳಿಸಿದೆ, ಮಂಜು ಒಳಗೆ ಬಂದು ಕುಂತಿತು, ಭೀಮಣ್ಣ ಭೀಮಣ್ಣ ಅಂತ ತುಟಿ ಸಜ್ಜಾಗಿದೆ, ಬಂಡೆಯ ಗೋಡೆ ಬೆವರುತ್ತಿದೆ, ಗೋಡೆಯ ಬುಡದಲ್ಲಿ ಒಂದು ಟೆಂಪೋ ಕೆಟ್ಟು ನಿಂತಿದೆ, ಯಾರದೋ, ಯಾರೂ ಇಲ್ಲ ಅದರ ಹತ್ತಿರ, ಅದರ ಹಿಂದೆ ರಸ್ತೆಯ ಮೇಲೆ ಒಂದು ಹಸಿರು ಟೊಂಗೆ, ಈಗಷ್ಟೇ ಮುರಿದದ್ದು, ಎಲೆಗಳು ಇನ್ನೂ ಅಲುಗುತ್ತಿವೆ, ನಾನು ನೋಡಿದೆ ನೋಡಿದೆ ಮತ್ತು ನನ್ನ ಎದೆಯೊಳಗಿಂದ ನನ್ನನ್ನು ಕೇಳದೆ ಎದ್ದು ಬಂತು, ಅಪ್ಪಾ. ಅಪ್ಪಾ ಮನಿಗೆ ಬಾ. ಇಡೀ ಘಾಟಿಗೆ ಕೇಳುವ ಹಾಗೆ. ಬಂಡೆ ಅದನ್ನೇ ತಿರುಗಿ ಹೇಳಿತು, ಎದುರಿನ ಬಂಡೆ ಮತ್ತೆ ಹೇಳಿತು, ನಾನು ಬಾಯಿ ಮುಚ್ಚಿಕೊಂಡೆ, ಆಮೇಲೆ ಭೀಮಣ್ಣಾ ಅಂದೆ, ಭೀಮಣ್ಣಾ, ಯಾದಗಿರಿ ಭೀಮಣ್ಣಾ, ನಿಗಡಿ ಚಾಳಿನ ಭೀಮಣ್ಣಾ, ಆದರೆ ಆ ಮೊದಲನೆಯದು ಆಗಲೇ ಹೊರಟುಹೋಗಿತ್ತು, ಕಣಿವೆಯ ಕೆಳಗೆ ಇಳಿಯುತ್ತಿತ್ತು, ಅದನ್ನು ಹಿಂದೆ ಕರೆಯುವುದು ಹೇಗೆ, ಮತ್ತು ಲಾರಿ ಒಂದು ಸಲ ನಡುಗಿತು, ಗುಂಡಿ ಇರಬೇಕು, ಇಂಜಿನ್ನಿನ ದನಿ ಕುಗ್ಗಿತು, ಕಾಕಾ ಗೇರ್ ಕಡೆ ನೋಡಿದ, ಫಸ್ಟ್‌ನಾಗ ಅದ, ಅಂದ, ಇದಕ್ಕಿಂತ ಕೆಳಗ ಇಲ್ಲ, ಯಾಕ ಎಳೀವಲ್ದು. ನಾನು ಮುಂದೆ ನೋಡುತ್ತ ಕುಂತೆ. ನನ್ನ ಪಕ್ಕದಲ್ಲೇ ಕಿಟಕಿಯ ಹೊರಗೆ ಕನ್ನಡಿ ಇದೆ, ಕನ್ನಡಿಯಲ್ಲಿ ನೋಡಿದರೆ ಹಿಂದಕ್ಕೆ ನೋಡಿದ ಹಾಗೆಯೋ ಮುಂದೆ ನೋಡಿದ ಹಾಗೆಯೋ, ಆಯಿಯ ಕತೆಗಳಲ್ಲಿ ಕನ್ನಡಿ ಇರಲಿಲ್ಲ, ಕೇಳಿಕೊಂಡು ಬರಬೇಕಿತ್ತು.

ಲೋಣಾವಳಾ ದಾಟಿದ ಮೇಲೆ ರಸ್ತೆ ಸಪಾಟಾಯಿತು, ಎಲ್ಲರೂ ಓಡಿದರು, ನಾವು ಓಡಲಿಲ್ಲ, ಕಾಕಾ ಸಾವಕಾಶ, ಕಾಕಾ ನಲವತ್ತು ದಾಟಬ್ಯಾಡ, ಅವರ ಕಾಲು ಅಂದೆ, ಅವನ ಕಾಲು ಅನ್ನುವುದರ ಬದಲು ಅವರ ಅಂದುಬಿಟ್ಟೆ, ಹಿಂದೆ ಇರುವವನು ಒಬ್ಬನೇ ಅಲ್ಲ ಅನ್ನುವ ಹಾಗೆ, ಕಾಕಾಗೆ ತಿಳಿಯಲಿಲ್ಲ, ನನ್ನ ಲಗ್ನದ ಮೆರವಣಿಗಿನೂ ಇಷ್ಟು ಸಾವಕಾಶ ಹೋಗಿದ್ದಿಲ್ಲವಾ ತಾಯಿ, ಕುದರಿ ಅರ ನೆಗೀತಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಒಬ್ಬ ಕಾರಿನವನು ಕಿಟಕಿಯಿಂದ ಕೈ ತೋರಿಸಿ ಏನೋ ಬೈದು ಹೋದ, ಕಾಕಾ ನಕ್ಕು, ಎಡಗಡಿ ನಮ್ಮದಪ್ಪಾ, ನೀ ಹೋಗು ಅಂದ. ಕಾಮಶೇತದ ಹತ್ತಿರ ಜೀಪು ಅಡ್ಡ ಬಂತು, ಹವಾಲ್ದಾರ ಕೈ ಮಾಡಿದ, ಕಾಯ್ ರೇ, ಗಾಡಿ ಬಿಘಡಲೀ ಕಾ, ಕೆಟ್ಟಿಲ್ಲ ಸಾಹೇಬ, ಮಾಲು ಭಾರ ಅದ, ಅಂತ ಕಾಕಾ ಮರಾಠಿಯಲ್ಲಿ ಅಂದ, ಹವಾಲ್ದಾರ ನನ್ನನ್ನು ನೋಡಿದ, ಹೀ ಕೋಣ, ಇವಳು ಯಾರು, ಪುತಣೀ ಸಾಹೇಬ, ಅಣ್ಣನ ಮಗಳು, ಅವನು ತಲೆ ಆಡಿಸಿದ, ಅಷ್ಟಕ್ಕೆ ಬಿಡಬೇಕಿತ್ತು, ಬಿಡಲಿಲ್ಲ, ಕಣ್ಣು ಕಿರಿದು ಮಾಡಿ ನಮ್ಮ ಬೆನ್ನ ಹಿಂದೆ ನೋಡಿದ, ಆಣಿ ಮಾಗೇ ಕಿತೀ ಜಣ ಬಸವಲೇತ, ಹಿಂದೆ ಎಷ್ಟು ಮಂದಿ ಕೂರಿಸಿದ್ದೀರಿ, ಮಾಲಿನ ಗಾಡಿಯಲ್ಲಿ ಜನ ಕೂರಿಸುವುದು ಬಂದಿ ಅಂತ ಗೊತ್ತಿಲ್ಲವಾ. ಯಾರೂ ಇಲ್ಲ ಸಾಹೇಬ, ಲೋಖಂಡ ಅದ ಬರೇ, ಕಬ್ಬಿಣ. ಅವನು ಹಿಂದಕ್ಕೆ ಹೋದ, ಬೂಟಿನ ಸದ್ದು ಹೋಯಿತು, ನಿಂತಿತು, ನಾನು ಡ್ಯಾಶಿನ ಮೇಲಿನ ಒಣ ಊದಿನಕಡ್ಡಿಯ ಬೂದಿಯನ್ನೇ ನೋಡುತ್ತ ಕುಂತೆ, ಕತ್ತು ನೋಯುತ್ತದೆ, ಕತ್ತು ತಾನೇ ತಿರುಗುತ್ತದೆ ಅನ್ನಿಸುತ್ತದೆ, ಬೂಟಿನ ಸದ್ದು ಮತ್ತೆ ಬಂತು, ಆದರೆ ಅವನು ಕಿಟಕಿಯ ಹತ್ತಿರ ಬರಲಿಲ್ಲ, ದೂರದಿಂದಲೇ ಹಾದು ಮುಂದೆ ಜೀಪಿನ ಹತ್ತಿರ ನಿಂತು ಹೋಗು ಹೋಗು ಅಂತ ಕೈ ಬೀಸಿದ, ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಗಾಡಿ ಹೊರಟಿತು, ಕಾಕಾ ಒಂದು ಸಲ ಕನ್ನಡಿ ನೋಡಿದ, ಅವನಿಗೇನು, ಅವನು ನೋಡಬಹುದು, ಡ್ರೈವರು ನೋಡಲೇಬೇಕು, ನೋಡಿ ಸಣ್ಣ ದನಿಯಲ್ಲಿ ಕೇಳಿದ, ಸುಮ್ಮಿ, ಘಾಟಿನಾಗ ನೀ ಮೊದಲ ಏನಂತ ಕರದಿ. ಅಪ್ಪಾ ಅಂದೆ ಕಾಕಾ. ಹಂ, ಅಂದ ಅವನು. ಕೈ ಹೊರಗೆ ಚಾಚಿ ತನ್ನ ಕಡೆಯ ಕನ್ನಡಿಯನ್ನು ಗಾಡಿಯ ಕಡೆ ಮಡಚಿದ. ಆಮೇಲೆ ನಾನು ಹೇಳದಿದ್ದರೂ ಮುಳ್ಳು ನಲವತ್ತರ ಕೆಳಗೇ ಇತ್ತು.

ನಿಗಡಿಯಲ್ಲಿ ಚಾಳಿನ ಬಾಯಿಗೆ ಲಾರಿ ನಿಂತಿತು, ಓಣಿ ಸಣ್ಣದು, ಇನ್ನು ನಡೆಯಬೇಕು, ಕಾಕಾ ಇಳಿಯಲಿಲ್ಲ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕುಂತ, ಎಲ್ಲಾರೂ ಇಳೀಲಿ, ಅಂದ, ನೀ ನಡಿ. ನಾನು ನಡೆದೆ, ಸಂಜೆಯ ನಲ್ಲಿ ಬಂದಿದೆ, ಕೊಡಗಳ ಸಾಲು, ರಂಗೂಬಾಯಿ ಏನ ಗ ಸುಮಂಗಲ್ ಅಂದವಳು ಕೊಡ ಎತ್ತಿಕೊಂಡು ಗೋಡೆಗೆ ಸರಿದಳು, ನಾನು ಒಬ್ಬಳೇ ಹಾಯುವುದಕ್ಕೆ ಅಷ್ಟು ಸರಿಯಬೇಕಿರಲಿಲ್ಲ, ಯಾಕೆ ಅಷ್ಟು ಸರಿದಳು, ಇಲ್ಲಿ ಒಣ ಎಲೆ ಇಲ್ಲ, ಸದ್ದು ಮಾಡುವುದು ಏನೂ ಇಲ್ಲ, ಸಿಮೆಂಟು. ಬಾಗಿಲಲ್ಲಿ ಅವ್ವ, ಕೈಯಲ್ಲಿ ತಂಬಿಗೆ, ಯಾರು ಹೇಳಿದರೋ ಅವಳಿಗೆ, ಆಯಿಯೇ ಹೇಳಿರಬೇಕು, ಮುಖ ಬಿಗಿದಿದೆ, ನಿನ್ನ ಮೈಯಾಗ ಡೀಸೆಲ್ ನಾರಾಕತ್ತದ, ಅಂದಳು, ಅದೇ ಬೈಗುಳ, ಅಷ್ಟೇ, ಬಗ್ಗಿ ನನ್ನ ಕಾಲಿಗೆ ನೀರು ಹಾಕಿದಳು, ತಣ್ಣಗೆ, ನಾನು ಹೊಸ್ತಿಲು ದಾಟಿ ಒಳಗೆ ನಿಂತೆ, ದಾಟಿದ ಮೇಲೆ ತಿರುಗಬಹುದು, ತಿರುಗಲಿಲ್ಲ, ಧೈರ್ಯ ಬರಲಿಲ್ಲ, ಅವ್ವಾ ನಾ ತಪ್ಪಿ ಅಪ್ಪಾ ಅಂದುಬಿಟ್ಟೆ, ಬರೇ ಅಪ್ಪಾ ಅಂತ. ಅವ್ವನಿಗೂ ಕತೆ ಗೊತ್ತು, ಅವಳು ಅಲ್ಲೇ ನಿಂತಳು, ತಂಬಿಗೆಯಿಂದ ಹನಿ ಬೀಳುತ್ತಿತ್ತು. ಒಳಗೆ ಆಯಿ ಮೊಣಕೈ ಊರಿ ತಲೆ ಎತ್ತಿದಳು, ನನ್ನ ಭುಜದ ಆಚೆ ನೋಡಿದಳು, ಒಬ್ಬ ಮನುಷ್ಯನನ್ನು ನೋಡಲಿಕ್ಕೆ ಅಷ್ಟು ಹೊತ್ತು ಬೇಡ, ಅವಳ ಕಣ್ಣು ಒಂದು ಕಡೆ ನಿಂತು, ತುಂಬಿಕೊಂಡು, ಆಮೇಲೆ ಪಕ್ಕಕ್ಕೆ ಸರಿದು, ಮತ್ತೆ ಪಕ್ಕಕ್ಕೆ ಸರಿದು, ಊಟಕ್ಕೆ ಕುಂತ ಪಂಗತಿಯನ್ನು ನೋಡುತ್ತ ಹೋದ ಹಾಗೆ ಬಾಗಿಲ ಹೊರಗಿನ ತನಕ ಹೋಯಿತು. ಬಂದ್ಯಾ ಭೀಮಾ, ಅಂದಳು. ಇರಲಿ, ಅವರೂ ಬರ್ಲಿ, ಯಾರ ಮಕ್ಕಳೋ ಏನೋ, ಭಾಳ ದಣದಾರ. ಮಾನಮ್ಮಾ, ಅಂತ ಅವ್ವನನ್ನು ಕರೆದಳು, ಕಾಲಿಗೆ ನೀರು ಕೊಡವಾ. ಬೈಯುತ್ತಾಳೆ ಈಗ, ಚೀರುತ್ತಾಳೆ ಅಂದುಕೊಂಡೆ, ಅವ್ವ ಬಗ್ಗಿದಳು, ನನ್ನ ಕಾಲು ಇಲ್ಲದ ಬರೀ ಕಲ್ಲಿನ ಮೇಲೆ ನಿಧಾನಕ್ಕೆ ನೀರು ಹಾಕಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಬ್ಯಾರಲ್ಲಿನಲ್ಲಿ ತಂಬಿಗೆ ಅದ್ದಿದಳು, ಒಂದು ಗೇಣು ಆ ಕಡೆ ಸರಿದು ಮತ್ತೆ ಬಗ್ಗಿದಳು, ಬರೀ ಕಲ್ಲಿನ ಮೇಲೆ ನೀರು, ಅದ್ದಿದಳು, ಸರಿದಳು, ಬಗ್ಗಿದಳು, ಕಲ್ಲಿನ ಮೇಲೆ ನೀರು, ಮತ್ತೆ ಅದ್ದಿದಳು, ನೀರು, ಕಲ್ಲಿನ ಮೇಲೆ ನೀರು —